ಮರದ ಆರೈಕೆ: ಒಂದು ಕಸುಬಿನ ಕಷ್ಟಸುಖ

ಮನೆಯ ಹಸು ಮೇವು ಬಿಟ್ಟರೆ ನಾವು ಪಶುವೈದ್ಯರನ್ನು ಕರೆತರುತ್ತೇವೆ. ಬಾವಿಯ ಪಂಪು ನಿಂತರೆ ಮೆಕ್ಯಾನಿಕ್ಕಿಗೆ ಹೇಳಿ ಕಳುಹಿಸುತ್ತೇವೆ. ಆದರೆ ಹಿತ್ತಿಲಿನ ತೆಂಗಿನ ಸುಳಿ ವಾಲಿದರೆ, ತೋಟದಂಚಿನ ಅಡಿಕೆ ಮರದ ಕಾಂಡ ಬಿರಿದರೆ, ಬೀದಿಯ ಹುಣಸೆಯ ಕೊಂಬೆ ವಿದ್ಯುತ್ ತಂತಿಯ ಮೇಲೆ ಬಾಗಿದರೆ ಯಾರನ್ನು ಕರೆಯಬೇಕು? ಹೆಚ್ಚಿನ ಊರುಗಳಲ್ಲಿ ಇದಕ್ಕೆ ದೊರೆಯುವ ಉತ್ತರ ಒಂದೇ: ಮಚ್ಚು ಹಿಡಿದು ಮರ ಹತ್ತಬಲ್ಲ ಒಬ್ಬ ಆಳು. ಆತನ ಕೈಕಾಲುಗಳ ಬಲಕ್ಕೆ ನಾವು ಕೂಲಿ ಕೊಡುತ್ತೇವೆ. ಆತನ ಕಣ್ಣು ಮತ್ತು ತಿಳಿವಳಿಕೆಗೆ ಕೊಡುವುದಿಲ್ಲ. ಮರದ ಆರೈಕೆ ಒಂದು ವೃತ್ತಿಯಾಗಿ ಬೆಳೆಯದಿರುವುದಕ್ಕೆ ಮೂಲಕಾರಣ ಇಲ್ಲಿಯೇ ಇದೆಯೆಂದು ತೋರುತ್ತದೆ.

ಮರಕ್ಕೂ ವೈದ್ಯ ಬೇಕೆಂಬ ವಿಚಾರ ನಮ್ಮ ನಾಡಿಗೆ ಹೊಸದಲ್ಲ. ಸುಮಾರು 1025ರಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಕಾಲದಲ್ಲಿ, ಚಾವುಂಡರಾಯನೆಂಬ ಕವಿ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥವನ್ನು ರಚಿಸಿದನು. ಜನರ ನಿತ್ಯಜೀವನಕ್ಕೆ ಬೇಕಾದ ವಿಷಯಗಳನ್ನು ಒಟ್ಟುಗೂಡಿಸಿದ ಆ ಗ್ರಂಥದಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಭಾಗವುಂಟು. ಸಾವಿರ ವರ್ಷಗಳ ಹಿಂದೆಯೇ ಶಾಸ್ತ್ರವೆನಿಸಿಕೊಂಡ ವಿಷಯ ಇಂದು ಜೀವನೋಪಾಯವಾಗಿ ನಿಲ್ಲಲು ಏಕೆ ತೊಡಕಾಗಿದೆ? ಈ ಪ್ರಶ್ನೆಯನ್ನು ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ತಾಲ್ಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡು ಪರಿಶೀಲಿಸೋಣ.

ಬಯಲುಸೀಮೆಯ ಈ ಜಿಲ್ಲೆಯನ್ನು ಮಳೆ ಆಗಾಗ ವಂಚಿಸುತ್ತದೆ. ಹಾಗಿದ್ದರೂ ಈ ನಾಲ್ಕು ತಾಲ್ಲೂಕುಗಳು ಮರಗಳನ್ನು ನಂಬಿ ಬದುಕುತ್ತಿವೆ. ಭೀಮಸಮುದ್ರದ ಸುತ್ತಲೂ ಹೊಳಲ್ಕೆರೆ ಸೀಮೆಯಲ್ಲೂ ಅಡಿಕೆಯ ತೋಟಗಳು. ಹೊಸದುರ್ಗದಲ್ಲಿ ಕೊಬ್ಬರಿಗೆ ಹೆಸರಾದ ತೆಂಗು. ಹಿರಿಯೂರಿನಲ್ಲಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರದ ನೀರನ್ನು ನೆಚ್ಚಿದ ತೆಂಗು ಅಡಿಕೆಗಳು. ಇವುಗಳ ಜೊತೆಗೆ ರಸ್ತೆಯಂಚಿನ ಹುಣಸೆ, ಆಲ, ಬೇವು, ಹೊಂಗೆಗಳು. ರಾಗಿ ಶೇಂಗಾಗಳು ಒಂದು ವರ್ಷ ಕೆಟ್ಟರೆ ಮುಂದಿನ ವರ್ಷ ಮತ್ತೆ ಬಿತ್ತಬಹುದು. ಮೂವತ್ತು ವರ್ಷದ ತೆಂಗಿನ ಮರ ಕೆಟ್ಟರೆ ಅದನ್ನು ಮುಂದಿನ ವರ್ಷ ಮರಳಿ ಪಡೆಯಲಾಗದು. ಆದುದರಿಂದ ಇಲ್ಲಿ ಮರದ ಆರೈಕೆಯೆಂಬುದು ಅಲಂಕಾರದ ಮಾತಲ್ಲ. ಸಂಸಾರಗಳ ಅನ್ನದ ಪ್ರಶ್ನೆ.

ಮಾಯುವ ಮರ, ಮಾಯದ ಮರ

ಈ ಕಸುಬಿಗೆ ಇಳಿಯುವವನು ಮೊದಲು ತಿಳಿಯಬೇಕಾದುದು ಮರಗಳಲ್ಲಿ ಎರಡು ಬಗೆಯಿವೆ ಎಂಬ ಅಂಶ. ಹುಣಸೆ, ಬೇವು, ಮಾವುಗಳು ದ್ವಿದಳ ಸಸ್ಯಗಳು. ಇವುಗಳ ತೊಗಟೆಗೂ ಒಳಗಿನ ಕಟ್ಟಿಗೆಗೂ ನಡುವೆ ಕೇಂಬಿಯಮ್ ಎಂಬ ತೆಳುವಾದ ಜೀವಂತ ಪದರವಿರುತ್ತದೆ. ಈ ಪದರವು ವರ್ಷವರ್ಷವೂ ಒಳಮುಖವಾಗಿ ಹೊಸ ಕಟ್ಟಿಗೆಯನ್ನೂ ಹೊರಮುಖವಾಗಿ ತೊಗಟೆಯ ಒಳಪದರವನ್ನೂ ಕಟ್ಟುತ್ತದೆ. ಮರ ದಪ್ಪವಾಗುವುದು ಹೀಗೆ. ಕೊಂಬೆಯನ್ನು ಕಡಿದಾಗ ಗಾಯದ ಅಂಚಿನಿಂದ ಹೊಸ ಅಂಗಾಂಶ ಸುರುಳಿಯಂತೆ ಉಬ್ಬಿ ಬಂದು, ಕೆಲವು ವರ್ಷಗಳಲ್ಲಿ ಗಾಯವನ್ನು ಮುಚ್ಚಬಲ್ಲುದು.

ತೆಂಗು ಅಡಿಕೆಗಳ ರೀತಿ ಬೇರೆ. ಇವು ಹುಲ್ಲು, ಬಾಳೆಗಳಂತೆ ಏಕದಳ ಸಸ್ಯಗಳು. ಇವುಗಳಲ್ಲಿ ಕೇಂಬಿಯಮ್ ಪದರವೇ ಇಲ್ಲ. ಕಾಂಡದೊಳಗೆ ನೀರು ಮತ್ತು ಆಹಾರ ಸಾಗಿಸುವ ನಾಳಗಳ ಕಟ್ಟುಗಳು ಅಡ್ಡಾದಿಡ್ಡಿಯಾಗಿ ಹರಡಿರುತ್ತವೆ. ಕಾಂಡದ ಆಯಾ ಭಾಗ ಬೆಳೆದ ಕಾಲದಲ್ಲಿ ಆದ ನಾಳಗಳೇ ಮರದ ಆಯುಷ್ಯವಿಡೀ ಕೆಲಸ ಮಾಡಬೇಕು. ಕಾಂಡಕ್ಕೆ ಒಮ್ಮೆ ಬಿದ್ದ ಕಚ್ಚು ಎಂದಿಗೂ ಮಾಯುವುದಿಲ್ಲ. ಹಳೆಯ ತೆಂಗಿನ ಮರಗಳಲ್ಲಿ, ಹತ್ತಲು ಅನುಕೂಲವೆಂದು ಕೊಡಲಿಯಿಂದ ಕೊರೆದ ಮೆಟ್ಟಿಲುಗಳನ್ನು ನೀವು ನೋಡಿರಬಹುದು. ನಲವತ್ತು ವರ್ಷದ ಹಿಂದೆ ಕೊರೆದ ಮೆಟ್ಟಿಲೂ ಇಂದು ಹಾಗೆಯೇ ಇರುತ್ತದೆ. ಮಳೆನೀರು ಅಲ್ಲಿ ತಂಗುತ್ತದೆ, ಶಿಲೀಂಧ್ರಗಳು ನೆಲೆಗೊಳ್ಳುತ್ತವೆ, ಕೀಟಗಳಿಗೆ ಬಾಗಿಲು ತೆರೆದಂತಾಗುತ್ತದೆ.

ಆ ಬಾಗಿಲನ್ನು ಹುಡುಕಿಕೊಂಡು ಬರುವ ಅತಿಥಿಗಳಲ್ಲಿ ಅತ್ಯಂತ ಅಪಾಯಕಾರಿಯೆಂದರೆ ಕೆಂಪುಮೂತಿ ಹುಳು. ಗಾಯದಿಂದ ಹೊರಡುವ ಹುಳಿವಾಸನೆ ಈ ದುಂಬಿಯನ್ನು ಸೆಳೆಯುತ್ತದೆ. ಹೆಣ್ಣು ದುಂಬಿ ಗಾಯದ ಮೆತುಭಾಗದಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳುಗಳು ಒಳಗೇ ತಿರುಳನ್ನು ತಿನ್ನುತ್ತ ಬೆಳೆಯುತ್ತವೆ. ಹೊರಗಿನಿಂದ ನೋಡಿದರೆ ಮರ ಹಸಿರಾಗಿಯೇ ಇರುತ್ತದೆ. ಕಾಂಡದ ಸಣ್ಣ ತೂತಿನಿಂದ ಕಂದುಬಣ್ಣದ ರಸ ಸೋರುವುದು, ಅಗಿದ ನಾರು ಹೊರಬರುವುದು, ಕಾಂಡಕ್ಕೆ ಕಿವಿಯಿಟ್ಟರೆ ಕರಕರನೆ ಸದ್ದು ಕೇಳಿಸುವುದು ಇವೇ ಮುನ್ಸೂಚನೆಗಳು. ಸುಳಿ ಬಾಡಿ ವಾಲಿದ ಮೇಲೆ ಚಿಕಿತ್ಸೆ ಬಹುಮಟ್ಟಿಗೆ ನಿಷ್ಫಲ. ಏಕೆಂದರೆ ತೆಂಗಿಗೆ ಬೆಳೆಯುವ ತುದಿ ಒಂದೇ. ಅದು ಸತ್ತರೆ ಮರ ಸತ್ತಂತೆಯೇ.

ಇಲ್ಲಿ ಕಸುಬಿನ ಮೊದಲನೆಯ ತೊಡಕು ಗೋಚರಿಸುತ್ತದೆ. ಮರದ ಯಜಮಾನ ಆರೈಕೆಗಾರನನ್ನು ಕರೆಯುವುದು ಸುಳಿ ವಾಲಿದ ಮೇಲೆ. ಮರ ಸಾಯುತ್ತದೆ, ದೂರು ಆರೈಕೆಗಾರನ ತಲೆಗೆ ಬರುತ್ತದೆ. ಆರು ತಿಂಗಳ ಮೊದಲೇ ಆತ ಮರ ಹತ್ತಿ, ಸುಳಿಯ ಸುತ್ತ ಶುಚಿಗೊಳಿಸಿ, ಎಲೆಗಳ ಕಂಕುಳಿಗೆ ಮರಳು ಬೆರೆಸಿದ ಬೇವಿನ ಹಿಂಡಿ ತುಂಬಿದ್ದರೆ ಮರ ಉಳಿಯಬಹುದಾಗಿತ್ತು. ಆದರೆ ಉಳಿದ ಮರವನ್ನು ತೋರಿಸಿ ಇದು ನನ್ನ ಕೆಲಸದಿಂದ ಉಳಿಯಿತೆಂದು ಹೇಳುವುದು ಹೇಗೆ? ರೋಗ ಬರದಂತೆ ತಡೆದವನ ಶ್ರಮ ಯಾರ ಕಣ್ಣಿಗೂ ಬೀಳುವುದಿಲ್ಲ.

ಗಾಯಕ್ಕೆ ಲೇಪನವೇ ಮದ್ದೆ?

ದ್ವಿದಳ ಮರಗಳ ವಿಷಯದಲ್ಲೂ ತಪ್ಪುಕಲ್ಪನೆಗಳು ಕಡಿಮೆಯಿಲ್ಲ. ಕಡಿದ ಕೊಂಬೆಯ ಬುಡಕ್ಕೆ ಸಗಣಿ ಮೆತ್ತುವುದು ನಮ್ಮಲ್ಲಿ ರೂಢಿ. ಇದು ನಮ್ಮಲ್ಲಿ ಮಾತ್ರವಲ್ಲ. ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನ ತೋಟಗಾರನಾಗಿದ್ದ ವಿಲಿಯಂ ಫಾರ್ಸೈತ್ ಎಂಬಾತ ಹಸುವಿನ ಸಗಣಿ, ಹಳೆಯ ಸುಣ್ಣದ ಗಾರೆ, ಬೂದಿ ಮತ್ತು ಮರಳನ್ನು ಕಲಸಿ, ಮರದ ಗಾಯಗಳನ್ನೆಲ್ಲ ವಾಸಿಮಾಡುವ ಲೇಪವೆಂದು ಸಾರಿದನು. ಅಲ್ಲಿಯ ಪಾರ್ಲಿಮೆಂಟು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆತನಿಗೆ 1,500 ಪೌಂಡುಗಳ ಬಹುಮಾನವನ್ನೇ ಕೊಟ್ಟಿತು!

ಈ ನಂಬಿಕೆಯನ್ನು ಪ್ರಯೋಗದಿಂದ ಅಲ್ಲಗಳೆದವರಲ್ಲಿ ಮುಖ್ಯರು ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೊ (1930–2006). ಅವರು ಯಂತ್ರಗರಗಸದಿಂದ ಸಾವಿರಾರು ಮರಗಳನ್ನು ಉದ್ದುದ್ದನೆ ಸೀಳಿ ಒಳಗಿನ ಕೊಳೆತ ಹೇಗೆ ಹರಡುತ್ತದೆಂಬುದನ್ನು ಪರಿಶೀಲಿಸಿದರು. ಪ್ರಾಣಿಯ ಗಾಯದಲ್ಲಿ ಸತ್ತ ಅಂಗಾಂಶದ ಜಾಗಕ್ಕೆ ಹೊಸದು ಬರುತ್ತದೆ. ಮರದಲ್ಲಿ ಹಾಗಾಗುವುದಿಲ್ಲ, ಮರವು ಕೆಟ್ಟ ಭಾಗದ ಸುತ್ತ ರಾಸಾಯನಿಕ ಗೋಡೆಗಳನ್ನು ಕಟ್ಟಿ ಅದನ್ನು ಪ್ರತ್ಯೇಕಿಸುತ್ತದೆ, ಗೋಡೆಯಾಚೆ ಹೊಸ ಕಟ್ಟಿಗೆಯನ್ನು ಬೆಳೆಸುತ್ತದೆ. 1977ರಲ್ಲಿ ಪ್ರಕಟವಾದ ಈ ಸಿದ್ಧಾಂತವು ಮರದ ಆರೈಕೆಯ ಕ್ರಮವನ್ನೇ ಬದಲಾಯಿಸಿತು. ಲೇಪನದಿಂದ ಕೊಳೆತ ನಿಲ್ಲುವುದಿಲ್ಲ. ಎಲ್ಲಿ ಕತ್ತರಿಸಬೇಕೆಂಬುದೇ ಮುಖ್ಯವೆಂದು ತಿಳಿದುಬಂದಿತು.

ಕೊಂಬೆಯು ಕಾಂಡವನ್ನು ಸೇರುವಲ್ಲಿ ಒಂದು ಉಬ್ಬು ಇರುತ್ತದೆ. ಮರ ಗೋಡೆ ಕಟ್ಟುವ ಸಾಮರ್ಥ್ಯ ಅಲ್ಲಿ ಹೆಚ್ಚು. ಉಬ್ಬಿಗೆ ಗಾಯವಾಗದಂತೆ, ಆದರೆ ಮೋಟು ಉಳಿಯದಂತೆ, ಅದರ ಹೊರ ಅಂಚಿನಲ್ಲಿ ಕತ್ತರಿಸಬೇಕು. ಭಾರವಾದ ಕೊಂಬೆಯಾದರೆ ಮೂರು ಹಂತಗಳುಂಟು. ಮೊದಲು ಬುಡದಿಂದ ಸ್ವಲ್ಪ ದೂರದಲ್ಲಿ ಕೆಳಗಿನಿಂದ ಅರ್ಧಂಬರ್ಧ ಗರಗಸ ಹಾಕುವುದು; ಎರಡನೆಯದಾಗಿ ಅದರಾಚೆ ಮೇಲಿನಿಂದ ಕುಯ್ದು ಕೊಂಬೆಯನ್ನು ಇಳಿಸುವುದು; ಕೊನೆಗೆ ಉಳಿದ ಮೋಟನ್ನು ಉಬ್ಬಿನ ಅಂಚಿನಲ್ಲಿ ತೆಗೆಯುವುದು. ಈ ಕ್ರಮ ತಪ್ಪಿದರೆ ಕೊಂಬೆ ತನ್ನ ಭಾರಕ್ಕೆ ಹರಿದು, ಕಾಂಡದ ತೊಗಟೆಯನ್ನು ಮಾರುದ್ದ ಸೀಳಿಕೊಂಡು ಬೀಳುತ್ತದೆ.

ಮೂರು ಸಲ ಗರಗಸ ಹಾಕಲು ಒಂದು ಸಲಕ್ಕಿಂತ ಹೆಚ್ಚು ಸಮಯ ಬೇಕು. ಕೊಂಬೆಗಿಷ್ಟು ಎಂದು ಕೂಲಿ ಗೊತ್ತುಮಾಡಿದಾಗ ಸಮಯವನ್ನು ಉಳಿಸುವವನಿಗೆ ಲಾಭ. ಮರದ ನಷ್ಟ ಲೆಕ್ಕಕ್ಕೆ ಬಾರದು.

ಹತ್ತುವ ಲೆಕ್ಕ

ಈಗ ಹತ್ತುವವನ ದೇಹಶ್ರಮವನ್ನು ಅಳೆಯೋಣ. ಭೌತಶಾಸ್ತ್ರ ಓದುವ ವಿದ್ಯಾರ್ಥಿಗಳು ಕಾಗದ ಪೆನ್ಸಿಲು ತೆಗೆದುಕೊಳ್ಳಬಹುದು. 60 ಕಿಲೋಗ್ರಾಂ ತೂಕದ ಒಬ್ಬಾತ ದಿನಕ್ಕೆ 12 ಮೀಟರ್ ಎತ್ತರದ 50 ಮರಗಳನ್ನು ಹತ್ತುವನೆಂದು ಇಟ್ಟುಕೊಳ್ಳೋಣ. ಒಟ್ಟು ಏರಿಕೆ 600 ಮೀಟರ್. ಎಂದರೆ ದೆಹಲಿಯ ಕುತುಬ್ ಮಿನಾರನ್ನು ಎಂಟು ಸಲ, ಅದೂ ಮೆಟ್ಟಿಲುಗಳಿಲ್ಲದೆ, ಹತ್ತಿದಂತೆ. ಗುರುತ್ವಾಕರ್ಷಣೆಗೆ ಎದುರಾಗಿ ಮಾಡಿದ ಕೆಲಸ 60 × 9.8 × 600, ಅಂದರೆ ಸುಮಾರು 3,53,000 ಜೌಲ್ ಅಥವಾ 84 ಕಿಲೋ ಕ್ಯಾಲೊರಿ. ನಮ್ಮ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ನಾಲ್ಕನೆಯ ಅಥವಾ ಐದನೆಯ ಒಂದು ಪಾಲನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತವೆ. ಆದುದರಿಂದ ಏರಿಕೆಗೇ ಸುಮಾರು 340ರಿಂದ 420 ಕಿಲೋ ಕ್ಯಾಲೊರಿ ಖರ್ಚು. ಮರವನ್ನು ತಬ್ಬಿ ನಿಲ್ಲುವುದಕ್ಕೆ, ಒಂದು ಕೈಯಲ್ಲಿ ಮಚ್ಚು ಬೀಸುವುದಕ್ಕೆ, ಜಾರದಂತೆ ಇಳಿಯುವುದಕ್ಕೆ ತಗಲುವ ಶಕ್ತಿ ಇದರ ಮೇಲೆ.

ಇನ್ನು ಅಪಾಯದ ಲೆಕ್ಕ. 12 ಮೀಟರ್ ಎತ್ತರದಿಂದ ಕೈತಪ್ಪಿದರೆ ನೆಲ ಮುಟ್ಟಲು ಒಂದೂವರೆ ಸೆಕೆಂಡು ಸಾಕು. ಮುಟ್ಟುವಾಗಿನ ವೇಗ ಸೆಕೆಂಡಿಗೆ ಸುಮಾರು 15 ಮೀಟರ್, ಎಂದರೆ ಗಂಟೆಗೆ 55 ಕಿಲೋಮೀಟರ್. ಹೆದ್ದಾರಿಯಲ್ಲಿ ಓಡುವ ವಾಹನದಿಂದ ಎಸೆಯಲ್ಪಟ್ಟಂತೆ. ಬದುಕಿ ಉಳಿದರೂ ಬೆನ್ನುಮೂಳೆ ಮುರಿದರೆ ಆತನ ದುಡಿಮೆ ಅಲ್ಲಿಗೇ ಮುಗಿಯಿತು. ಹತ್ತುವವರ ಮಕ್ಕಳು ಈ ಕೆಲಸ ಬೇಡವೆಂದು ಬೆಂಗಳೂರು ದಾವಣಗೆರೆಗಳಿಗೆ ಹೋಗುವುದರಲ್ಲಿ ಆಶ್ಚರ್ಯವೇನಿದೆ?

ಹತ್ತುವವರ ಕೊರತೆಯನ್ನು ನೀಗಲು ಪ್ರಯತ್ನಗಳು ನಡೆದಿವೆ. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ‘ತೆಂಗಿನ ಮರದ ಸ್ನೇಹಿತರು’ ಎಂಬ ತರಬೇತಿಯನ್ನು ಕೇರಳದಲ್ಲಿ ಆರಂಭಿಸಿ, ಅನಂತರ ಕರ್ನಾಟಕಕ್ಕೂ ವಿಸ್ತರಿಸಿತು. ಯುವಕ ಯುವತಿಯರಿಗೆ ಯಂತ್ರದ ಸಹಾಯದಿಂದ ಮರ ಹತ್ತುವುದನ್ನೂ, ಅದರೊಡನೆ ರೋಗಕೀಟಗಳನ್ನು ಗುರುತಿಸುವುದನ್ನೂ ಅಲ್ಲಿ ಕಲಿಸುತ್ತಾರೆ. ಕಾಲಿಗೊಂದು ಲೋಹದ ಚೌಕಟ್ಟು, ಕಾಂಡವನ್ನು ಸುತ್ತಿ ಹಿಡಿಯುವ ಉಕ್ಕಿನ ಹಗ್ಗ: ಒಂದು ಕಾಲಿಗೆ ಭಾರ ಹಾಕಿದಾಗ ಆ ಹಗ್ಗ ಬಿಗಿಯುತ್ತದೆ, ಇನ್ನೊಂದು ಸಡಿಲಗೊಂಡು ಮೇಲೇರುತ್ತದೆ. ಕಾಂಡಕ್ಕೆ ಕಚ್ಚು ಹಾಕುವ ಅಗತ್ಯವೇ ಇಲ್ಲ. ಇದೇ ಮಂಡಳಿಯ ‘ಕೇರ ಸುರಕ್ಷಾ’ ಯೋಜನೆ ಹತ್ತುವವರಿಗೆ ಅಪಘಾತ ವಿಮೆ ಒದಗಿಸುತ್ತದೆ. ಅಡಿಕೆಗಾಗಿ 2019ರಲ್ಲಿ ಬಂಟ್ವಾಳ ತಾಲ್ಲೂಕಿನ ಕೃಷಿಕ ಗಣಪತಿ ಭಟ್ಟರು ಪೆಟ್ರೋಲ್ ಎಂಜಿನ್ನಿನಿಂದ ಮರವೇರುವ ಪುಟ್ಟ ಗಾಡಿಯನ್ನು ರಚಿಸಿ ದೇಶದ ಗಮನ ಸೆಳೆದರು.

ನೆಲದಲ್ಲಿ ನಿಂತೇ ಕೊನೆ ಕೀಳುವ ಉದ್ದನೆಯ ದೋಟಿಗಳೂ ಬಂದಿವೆ. ಬಿದಿರಿನ ದೋಟಿ ಭಾರ, ಬಾಗುತ್ತದೆ, ಅಲ್ಯುಮಿನಿಯಂ ಹಗುರ, ಕಾರ್ಬನ್ ಫೈಬರಿನದು ಇನ್ನೂ ಹಗುರ, ಗಡುಸು. ಆದರೆ ಒಂದು ಎಚ್ಚರಿಕೆಯನ್ನು ಮರೆಯಲಾಗದು. ಒಣಗಿದ ಬಿದಿರು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದಿಲ್ಲ. ಅಲ್ಯುಮಿನಿಯಂ ಒಳ್ಳೆಯ ವಾಹಕ. ಕಾರ್ಬನ್ ಫೈಬರ್ ಲೋಹವಲ್ಲವೆಂದು ಧೈರ್ಯಪಡುವವರುಂಟು, ಅದೂ ವಾಹಕವೇ. ತೋಟದ ಮೇಲೆ ಹಾದುಹೋದ ತಂತಿಗೆ ದೋಟಿಯ ತುದಿ ತಾಗಿದರೆ ಹಿಡಿದವನ ಪ್ರಾಣಕ್ಕೆ ಅಪಾಯ. ನೆಲದ ಮೇಲಿದ್ದೇವೆಂಬ ಸಮಾಧಾನ ಅಲ್ಲಿ ಕೆಲಸಕ್ಕೆ ಬಾರದು.

ದೋಟಿಯಿಂದ ಇನ್ನೊಂದು ನಷ್ಟವೂ ಉಂಟು. ಹತ್ತಿದವನು ಸುಳಿಯನ್ನು ಕಣ್ಣಾರೆ ಕಾಣುತ್ತಾನೆ. ಕೆಳಗೆ ನಿಂತವನು ಕಾಣಲಾರ. ಕೊಯ್ಲು ಸುಲಭವಾಗುತ್ತ ಹೋದಂತೆ ಮರದ ತಲೆಯನ್ನು ಹತ್ತಿರದಿಂದ ನೋಡುವ ಕಣ್ಣುಗಳು ಕಡಿಮೆಯಾಗುತ್ತ ಹೋಗುತ್ತವೆ.

ನೀರು, ಬಿಸಿಲು ಮತ್ತು ಪಕ್ಕದ ತಿಪ್ಪೆ

ಈ ನಾಲ್ಕು ತಾಲ್ಲೂಕುಗಳಲ್ಲಿ ಆರೈಕೆಗಾರನ ಕೈಮೀರಿದ ಸಂಗತಿಯೆಂದರೆ ನೀರು. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಮೇಲೆ, 2022ರ ಸೆಪ್ಟೆಂಬರಿನಲ್ಲಿ. 2025ರ ಜನವರಿಯಲ್ಲಿ ಇನ್ನೊಮ್ಮೆ ತುಂಬಿ ಹರಿಯಿತು. ಈ ನಡುವೆ, 2010ರ ದಶಕದ ಬರದ ವರ್ಷಗಳಲ್ಲಿ, ಜಲಾಶಯ ತಳಕಂಡು ಹಿರಿಯೂರಿನ ಎಷ್ಟೋ ತೆಂಗಿನ ತೋಟಗಳು ಒಣಗಿದವು. 2023ರಲ್ಲಿ ಮಳೆ ಕೈಕೊಟ್ಟು, 2024ರ ಬೇಸಗೆಯಲ್ಲಿ ಅಡಿಕೆ ಬೆಳೆಗಾರರು ಟ್ಯಾಂಕರುಗಳಲ್ಲಿ ನೀರು ತರಿಸಿ ತೋಟಕ್ಕೆ ಹಾಯಿಸಿದರು.

ಟ್ಯಾಂಕರಿನ ಲೆಕ್ಕವನ್ನು ಗಮನಿಸಿ. ಅಡಿಕೆಯನ್ನು 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರ. ಬೇಸಗೆಯಲ್ಲಿ ಹನಿ ನೀರಾವರಿಯಲ್ಲೂ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಎಂದರೆ ಎಕರೆಗೆ ದಿನವೂ ಸುಮಾರು 10,000 ಲೀಟರ್. ಎಷ್ಟು ದಿನ ಕೊಂಡು ಹಾಕಬಹುದು? ಇಂಥ ಸಂದರ್ಭದಲ್ಲಿ ಅರಿತ ಆರೈಕೆಗಾರ ಹೇಳುವ ಮಾತು ಬೇರೆಯಾಗಿರುತ್ತದೆ: ಬುಡಕ್ಕೆ ಸೋಗೆ, ಸಿಪ್ಪೆಗಳ ಹೊದಿಕೆ ಹಾಸಿ ಆವಿಯಾಗುವುದನ್ನು ತಡೆಯಿರಿ, ನೈಋತ್ಯದಂಚಿನ ಸಾಲಿನ ಕಾಂಡಗಳಿಗೆ ಸುಣ್ಣ ಬಳಿಯಿರಿ ಅಥವಾ ಅಡಿಕೆಯ ಹಾಳೆ ಕಟ್ಟಿರಿ. ಮಧ್ಯಾಹ್ನದ ಓರೆಬಿಸಿಲು ಆ ದಿಕ್ಕಿನಿಂದಲೇ ಬಿದ್ದು ಕಾಂಡವನ್ನು ಸುಡುತ್ತದೆ. ಸುಟ್ಟಲ್ಲಿ ಬಿರುಕು ಬಿಡುತ್ತದೆ. ಏಕದಳ ಮರದಲ್ಲಿ ಬಿರುಕು ಮಾಯದೆಂಬುದನ್ನು ಈಗಾಗಲೇ ಕಂಡೆವಷ್ಟೆ. ಬಿಳಿಯ ಸುಣ್ಣ ಬಿಸಿಲನ್ನು ಪ್ರತಿಫಲಿಸುತ್ತದೆ. ವೆಚ್ಚ ಅಲ್ಪ, ಫಲ ಬಹಳ.

ಕೀಟಗಳಿಗೆ ಬೇಲಿಯ ಹಂಗಿಲ್ಲ. ಸುಳಿಯನ್ನು ಕೊರೆಯುವ ಕೊಂಬಿನ ದುಂಬಿ ಮೊಟ್ಟೆಯಿಡುವುದು ಮರದಲ್ಲಲ್ಲ, ತಿಪ್ಪೆಯಲ್ಲಿ. ಅದು ಕೊರೆದ ತೂತಿನಲ್ಲಿಯೇ ಅನೇಕ ವೇಳೆ ಕೆಂಪುಮೂತಿ ಹುಳು ಸೇರಿಕೊಳ್ಳುತ್ತದೆ. ಒಬ್ಬ ರೈತ ತನ್ನ ನೂರು ಮರಗಳಿಗೆ ಆರೈಕೆ ಮಾಡಿಸಿ, ಪಕ್ಕದವನು ತಿಪ್ಪೆಯನ್ನು ವರ್ಷಗಟ್ಟಲೆ ಕದಲಿಸದಿದ್ದರೆ ಫಲವೇನು? ಅಣಬೆ ರೋಗದ ಶಿಲೀಂಧ್ರವೂ ಹಾಗೆಯೇ. ಮಣ್ಣಿನಲ್ಲಿ ಬೇರಿನಿಂದ ಬೇರಿಗೆ ದಾಟುತ್ತದೆ. ರೋಗದ ಮರದ ಸುತ್ತ ಕಂದಕ ತೋಡಿ ಬೇರ್ಪಡಿಸಬೇಕು. ಆ ಪಾತಿಯ ನೀರು ಮುಂದಿನ ಪಾತಿಗೆ ಹರಿಯಬಾರದು. ಹೀಗೆ ಆರೈಕೆಗಾರನ ರೋಗಿ ಒಂದು ಮರವಾದರೂ ಚಿಕಿತ್ಸೆ ಇಡೀ ಊರಿಗೆ ಆಗಬೇಕಾಗುತ್ತದೆ.

ಬೀದಿಯ ಮರ ಮತ್ತು ಕಾನೂನು

ತೋಟದಿಂದ ಬೀದಿಗೆ ಬಂದರೆ ತೊಡಕುಗಳ ಸ್ವರೂಪ ಬದಲಾಗುತ್ತದೆ. ಬೀದಿಯ ಮರ ಒಬ್ಬರದು, ಅದರ ಮೇಲಿನ ತಂತಿ ಇನ್ನೊಬ್ಬರದು, ನೆರಳು ಎಲ್ಲರದು. ಮಳೆಗಾಲಕ್ಕೆ ಮೊದಲು ತಂತಿಗೆ ತಾಗುವ ಕೊಂಬೆಗಳನ್ನು ತೆಗೆಯುವುದು ಅನಿವಾರ್ಯ. ಆದರೆ ತಲೆಯನ್ನೇ ಬೋಳಿಸಿದರೆ ಮರ ಗಾಬರಿಗೊಂಡಂತೆ ಒಂದೇ ಕಡೆ ಹತ್ತಾರು ಚಿಗುರುಗಳನ್ನು ಹೊರಡಿಸುತ್ತದೆ. ಅವು ಹೊರಪದರಕ್ಕೆ ಮಾತ್ರ ಅಂಟಿಕೊಂಡಿದ್ದು, ಬೇಗ ಬೆಳೆದು, ಗಾಳಿಗೆ ಮುರಿಯುತ್ತವೆ. ಬೋಳಿಸಿದ ಮರ ಕೆಲವು ವರ್ಷಗಳಲ್ಲಿ ಮೊದಲಿಗಿಂತ ಹೆಚ್ಚು ಅಪಾಯಕಾರಿಯಾಗುವುದು ಈ ಕಾರಣದಿಂದ.

ಕಡಿಯುವುದಕ್ಕೆ ಕಾನೂನಿನ ಕಟ್ಟುಪಾಡೂ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಮರ ಉರುಳಿಸಲು ವೃಕ್ಷಾಧಿಕಾರಿಯ ಅನುಮತಿ ಬೇಕು; ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿಯುಂಟು. ಯಜಮಾನ ಹೇಳಿದನೆಂದು ಗರಗಸ ಎತ್ತಿದವನೂ ತೊಂದರೆಗೆ ಸಿಕ್ಕಬಹುದು. ಆದುದರಿಂದ ಈ ಕಸುಬಿನವನು ಮರದ ಜಾತಿಯನ್ನು ಗುರುತಿಸಬಲ್ಲವನೂ ಅರ್ಜಿ ಬರೆಯಬಲ್ಲವನೂ ಆಗಿರಬೇಕು.

ಮರಕ್ಕೆ ಕೂಲಿಯೊ, ವರ್ಷಕ್ಕೆ ಕೂಲಿಯೊ?

ಎಲ್ಲಕ್ಕಿಂತ ಕಠಿಣವಾದುದು ಹಣದ ಪ್ರಶ್ನೆ. ಅದರ ಮೂಲ ಇರುವುದು ಮರದ ಕಾಲಗಣನೆಯಲ್ಲಿ. ತೆಂಗಿನ ಎಲೆಯ ಕಂಕುಳಲ್ಲಿ ಹೊಂಬಾಳೆಯ ಅಂಕುರ ಮೂಡಿದಂದಿನಿಂದ ಅದು ಅರಳಲು ಸುಮಾರು 32 ತಿಂಗಳು. ಅರಳಿದ ಮೇಲೆ ಕಾಯಿ ಬಲಿಯಲು 12 ತಿಂಗಳು. ಒಟ್ಟು 44 ತಿಂಗಳು. ಇಂದು ನೀವು ಕೊಬ್ಬರಿಗೆಂದು ಇಳಿಸುವ ಕಾಯಿಯ ಹಣೆಬರಹ ಮೂರೂವರೆ ವರ್ಷಕ್ಕೂ ಹಿಂದೆ ಆರಂಭವಾಗಿತ್ತು. ಇಂದು ಮಾಡಿದ ಆರೈಕೆಯ ಪೂರ್ಣಫಲ ಮೂರೂವರೆ ವರ್ಷದ ಮೇಲೆ ಸಿಕ್ಕುತ್ತದೆ. ಹತ್ತಿದವನಿಗೆ ಕೂಲಿ ಇಂದು ಸಂಜೆಯೇ ಬೇಕು.

ಅಡಿಕೆಯಲ್ಲಿ ಇನ್ನೊಂದು ಪದ್ಧತಿಯುಂಟು. ಅನೇಕ ಬೆಳೆಗಾರರು ಮರದ ಮೇಲಿನ ಫಸಲನ್ನು ಚೇಣಿಗೆ ಕೊಡುತ್ತಾರೆ. ಕೆಲವೆಡೆ ಇದಕ್ಕೆ ಖೇಣಿಯೆಂದೂ ಹೇಳುತ್ತಾರೆ. ಚೇಣಿದಾರನೇ ಆಳು ತಂದು ಕೊನೆ ಕೊಯ್ಯಿಸುತ್ತಾನೆ. ಎಳೆಯ ಅಡಿಕೆಯನ್ನು ಹದವರಿತು ಕೊಯ್ಯಬೇಕು. ಬಲಿತರೆ ಬೆಲೆ ಇಳಿಯುತ್ತದೆ. ಹೀಗಾಗಿ ಎಲ್ಲ ತೋಟಗಳಿಗೂ ಆಳು ಬೇಕಾಗುವುದು ಅದೇ ವಾರಗಳಲ್ಲಿ. ಉಳಿದ ಕಾಲದಲ್ಲಿ ಅವರಿಗೆ ಕೆಲಸವಿಲ್ಲ. ಚೇಣಿದಾರನ ಆಸಕ್ತಿ ಈ ವರ್ಷದ ಕೊನೆಯಲ್ಲಿ, ಯಜಮಾನನ ಆಸಕ್ತಿ ಚೇಣಿಯ ಹಣದಲ್ಲಿ, ಆಳಿನ ಆಸಕ್ತಿ ದಿನದ ಕೂಲಿಯಲ್ಲಿ. ಮರದ ಮುಂದಿನ ಮೂವತ್ತು ವರ್ಷಗಳಲ್ಲಿ ಆಸಕ್ತಿಯುಳ್ಳವರು ಯಾರು?

ಪರಿಹಾರವು ಕೂಲಿಯ ರೀತಿಯನ್ನು ಬದಲಿಸುವುದರಲ್ಲಿದೆ. ಹತ್ತಿದ ಸಲಕ್ಕಿಷ್ಟು ಎನ್ನುವ ಬದಲು ಮರಕ್ಕೆ ವರ್ಷಕ್ಕಿಷ್ಟು ಎಂದು ಗೊತ್ತುಮಾಡಿದರೆ ಆರೈಕೆಗಾರನ ಹಿತವೂ ಮರದ ಹಿತವೂ ಒಂದಾಗುತ್ತವೆ. ಹಿಂದೆ ಹಳ್ಳಿಯ ಬಡಗಿ ಕಮ್ಮಾರರಿಗೆ ಸುಗ್ಗಿಯಲ್ಲಿ ವರ್ಷದ ಆಯ ಕೊಡುತ್ತಿದ್ದುದನ್ನು ಇದು ನೆನಪಿಗೆ ತರುತ್ತದೆ. ಆದರೆ ಆಯದಲ್ಲಿ ಹುಟ್ಟಿನ ಕಟ್ಟು ಇತ್ತು. ಇಂದಿನದು ಬರವಣಿಗೆಯ ಕರಾರಾಗಬೇಕು. ಕೆಲಸವೂ ವಿಮೆಯೂ ಅದರಲ್ಲಿ ಸ್ಪಷ್ಟವಾಗಿ ನಮೂದಾಗಬೇಕು.

ಇದು ಸಾಧ್ಯವೇ ಎಂಬುದನ್ನು ಒಂದು ಊಹೆಯ ಲೆಕ್ಕದಿಂದ ನೋಡೋಣ. ಇಬ್ಬರ ಒಂದು ತಂಡ. ತಲಾ ದಿನಕ್ಕೆ 40 ಮರ. ಆತುರವಿಲ್ಲದೆ ಹತ್ತಿ, ಕಾಯಿ ಇಳಿಸಿ, ಸುಳಿ ನೋಡಿ ಶುಚಿಗೊಳಿಸಲು ಬಿಡುವಿರಲೆಂದು ಕಡಿಮೆಯೇ ಇಟ್ಟಿದ್ದೇವೆ. ತೆಂಗಿಗೆ 45 ದಿನಕ್ಕೊಂದು ಸುತ್ತು. ಮಳೆ, ಗಾಳಿ, ಹಬ್ಬ, ವಿಶ್ರಾಂತಿಗೆಂದು 10 ದಿನ ಕಳೆದರೆ 35 ದಿನ. 80ನ್ನು 35ರಿಂದ ಗುಣಿಸಿದರೆ 2,800 ಮರ. ಎಕರೆಗೆ 70 ಮರದಂತೆ ಇದು 40 ಎಕರೆ ತೋಟ. ಎಂದರೆ ಹೊಸದುರ್ಗ ತಾಲ್ಲೂಕಿನ ಒಂದೇ ಊರಿನ ಕೆಲವು ರೈತರು ಒಟ್ಟುಗೂಡಿದರೆ ಇಬ್ಬರಿಗೆ ವರ್ಷವಿಡೀ ಕೆಲಸವುಂಟು. ಊರೂರು ಅಲೆಯಬೇಕಾಗಿಲ್ಲ. ನೆರೆಹೊರೆಯ ತೋಟಗಳೆಲ್ಲ ಒಬ್ಬರ ಕಣ್ಣಿನಲ್ಲಿರುವುದರಿಂದ ತಿಪ್ಪೆಯ ದುಂಬಿಗೂ ಅಣಬೆ ರೋಗಕ್ಕೂ ಒಟ್ಟಾಗಿ ತಡೆಯೊಡ್ಡಬಹುದು. ಕೊಯ್ಲು ವಿರಳವಾಗಿರುವ ಕೊಬ್ಬರಿ ಸೀಮೆಯಲ್ಲಿ ಆರೈಕೆಗೆ ಸಮಯ ಇನ್ನೂ ಹೆಚ್ಚು. ಹಗ್ಗ, ಪಟ್ಟಿ, ಶಿರಸ್ತ್ರಾಣ, ಸಿಂಪಡಣೆಯ ಯಂತ್ರಗಳಿಗೆ ಬೇಕಾದ ಬಂಡವಾಳವನ್ನು ರೈತರ ಸಹಕಾರ ಸಂಘ ಒದಗಿಸಬಹುದು.

ಆ ಇಬ್ಬರಲ್ಲಿ ಒಬ್ಬರ ಕೈಯಲ್ಲಿ ಒಂದು ದಫ್ತರವಿರಬೇಕು. ಮರಕ್ಕೊಂದು ಸಂಖ್ಯೆ, ಯಾವ ದಿನ ನೋಡಿದ್ದು, ಏನು ಕಂಡಿದ್ದು, ಏನು ಮಾಡಿದ್ದು ಎಂಬ ಬರಹ. 44 ತಿಂಗಳ ಮೇಲೆ ಫಲ ಬಂದಾಗ, ಅಥವಾ ಬಾರದೆಹೋದಾಗ, ಕಾರಣವನ್ನು ಹಿಂದಿರುಗಿ ನೋಡಲು ಇದೊಂದೇ ದಾರಿ. ಕಣ್ಣಿಗೆ ಕಾಣದ ಶ್ರಮ ಯಜಮಾನನಿಗೆ ಕಾಣುವಂತಾಗುವುದೂ ಈ ದಫ್ತರದಿಂದಲೇ.

ಈ ವಿದ್ಯೆಯನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಹಿರಿಯೂರಿನಲ್ಲಿಯೇ ತೋಟಗಾರಿಕೆಯ ಕಾಲೇಜೂ ಇದೆ. ತೆಂಗು ಅಡಿಕೆಗಳ ಮೇಲೆ ಸಂಶೋಧನೆ ನಡೆಸುವ, 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದ, ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಕಾಸರಗೋಡಿನಲ್ಲಿದೆ. ಕೊರತೆಯಿರುವುದು ಪುಸ್ತಕದ ಜ್ಞಾನಕ್ಕೂ ಮರದ ತುದಿಗೂ ನಡುವೆ. ಓದಿದವನು ಹತ್ತುವುದಿಲ್ಲ, ಹತ್ತುವವನಿಗೆ ಓದು ದೊರೆತಿಲ್ಲ.

ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ತೋಟವಿರುವ ಮನೆಗಳವರು ಅನೇಕರಿರಬಹುದು. ಮುಂದಿನ ರಜೆಯಲ್ಲಿ ನಿಮ್ಮ ತೋಟದ ಮರಗಳಿಗೆ ಸಂಖ್ಯೆ ಹಾಕಿ, ಒಂದೊಂದರ ಬುಡದಿಂದ ಕಣ್ಣೆಟುಕುವವರೆಗೆ ನೋಡಿ ಬರೆದಿಡಿ: ಹಳೆಯ ಕಚ್ಚುಗಳೆಷ್ಟು, ರಸ ಸೋರುವ ತೂತುಗಳಿವೆಯೆ, ನೈಋತ್ಯದ ಕಾಂಡ ಬಿರಿದಿದೆಯೆ, ತಿಪ್ಪೆ ಎಷ್ಟು ದೂರದಲ್ಲಿದೆ. ಮರ ಹತ್ತುವವರು ಬಂದಾಗ ಮೇಲೆ ಏನು ಕಂಡಿರೆಂದು ಕೇಳಿ ಅದನ್ನೂ ಬರೆದುಕೊಳ್ಳಿ. ಒಂದು ಎಕರೆ ತೆಂಗಿಗೆ ಒಂದು ಬೆಳಗಿನ ಹೊತ್ತು ಸಾಕು.